ಲಾಠಿಗಿಂತ ಉದ್ದದ ಕಬ್ಬು

2019ರ ನವೆಂಬರ್ 8, ಉತ್ಥಾನ ಏಕಾದಶಿ. ದೊಡ್ಡಮ್ಮನಿಗೆ ಉಪವಾಸ, ಆದರೂ ಮರುದಿನದ ತುಳಸಿ ಪೂಜೆಗೆ ಅಯೋಧ್ಯೆಯ ನಯಾ ಘಾಟಿನ ಬಳಿ ಗರಿ ಸಮೇತ ಎರಡು ಕಬ್ಬು ಕೊಂಡಳು. ನಮ್ಮಲ್ಲಿ ದ್ವಾದಶಿಗೆ ಬೇಕಾಗುವ ಕಬ್ಬು ಅಲ್ಲಿ ಏಕಾದಶಿಗೇ ರಾಶಿ ಬಿದ್ದಿತ್ತು. ನೆಲ್ಲಿಯ ಕೊಂಬೆ ಸಿಗದೆ ನಾಲ್ಕು ನೆಲ್ಲಿಕಾಯಿಗೇ ತೃಪ್ತಿಪಟ್ಟೆವು.

ಬ್ಯಾರಿಕೇಡಿನ ಬಳಿ ಪೊಲೀಸ್ ಪೇದೆ ತಡೆದ. ರಾಮಜನ್ಮಭೂಮಿ-ಬಾಬರಿ ಮಸೀದಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿಗೆ ಕಾಯುತ್ತಿದ್ದ ಊರಿನಲ್ಲಿ ಅಕ್ಟೋಬರ್‌ನಿಂದಲೇ 144ನೇ ಸೆಕ್ಷನ್. ಕಬ್ಬು ಅವನ ಲಾಠಿಗಿಂತ ಎರಡು ಮೊಳ ಉದ್ದವಿತ್ತು. ಗಿಣ್ಣು ಗಿಣ್ಣು ತಡವಿ ನೋಡಿ, ಮೊಣಕಾಲಿಗೆ ಒತ್ತಿ ಲಟಕ್ಕೆಂದು ಮೂರು ತುಂಡು ಮಾಡಿ ಕೈಗಿತ್ತ. ಸೌಜನ್ಯದಿಂದಲೇ.

"ಮುರಿದದ್ದು ಮಂಟಪಕ್ಕೆ ಆಗುವುದಿಲ್ಲವೋ," ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಗೊಣಗಿದಳು.

ರಾತ್ರಿ ಒಂಬತ್ತರ ಸುಮಾರಿಗೆ ಸುದ್ದಿ ಬಂತು: ತೀರ್ಪು ನಾಳೆ ಬೆಳಿಗ್ಗೆ ಹತ್ತೂವರೆಗೆ. ಧರ್ಮಶಾಲೆಯ ವ್ಯವಸ್ಥಾಪಕರು ಟಿವಿ ಸದ್ದು ತಗ್ಗಿಸಿ ಮೊದಲು ಹಾಲಿನವನಿಗೆ ಫೋನ್ ಮಾಡಿದರು. ಗೋಧಿಹಿಟ್ಟು, ಆಲೂಗಡ್ಡೆಯನ್ನು ವಾರದ ಹಿಂದೆಯೇ ತುಂಬಿಸಿಟ್ಟಿದ್ದರಂತೆ. 1992ರ ಕರ್ಫ್ಯೂ ಕಲಿಸಿದ ಪಾಠ ಅದು ಎಂದರು. ಬೆಂಗಳೂರಿನಿಂದ ತಂಗಿಯ ಕರೆ: ಅಲ್ಲಿಯೂ 144, ಮಕ್ಕಳಿಗೆ ರಜೆ, ನೀವು ಈಗಲೇ ಲಖನೌಗೆ ಹೊರಡಿ! ಟಿವಿ ಮುಂದೆ ಕುಳಿತವರಿಗೆ ನಮಗಿಂತ ಹೆಚ್ಚು ಗಾಬರಿ. ಹಾಗೆಂದು ನಾನೇನು ಧೀರನಲ್ಲ. ರಾತ್ರಿ ಮೂರು ಸಲ ಎದ್ದು ಚಿಲಕ ನೋಡಿದೆ. ಬೀದಿಯಲ್ಲಿ ಬೂಟಿನ ಸದ್ದು ಬಿಟ್ಟರೆ ನಾಯಿ ಸಹ ಬೊಗಳಲಿಲ್ಲ.

ಬೆಳಿಗ್ಗೆ ನೆಲ್ಲಿಕಾಯಿ ಚಟ್ನಿಯೊಂದಿಗೆ ದೊಡ್ಡಮ್ಮನ ಪಾರಣೆ ಮುಗಿಯಿತು. ಪೂಜೆಗಾಗದ ಕಬ್ಬಿನ ತುಂಡುಗಳನ್ನು ಸಿಗಿದು, ಹಳೆಯ ಪತ್ರಿಕೆ ಹಾಸಿ ಎಲ್ಲರೂ ಟಿವಿ ಮುಂದೆ ಕುಳಿತೆವು. ಐವರು ನ್ಯಾಯಮೂರ್ತಿಗಳ ಒಮ್ಮತದ ತೀರ್ಪು: ವಿವಾದಿತ 2.77 ಎಕರೆ ರಾಮಲಲ್ಲಾನಿಗೆ, ಮಸೀದಿಗೆ ಬೇರೆಡೆ 5 ಎಕರೆ. ಐವರಲ್ಲೊಬ್ಬರಾದ ಅಬ್ದುಲ್ ನಜೀರ್ ನಮ್ಮ ಮೂಡಬಿದಿರೆ ಕಡೆಯವರು ಎಂದು ನಾನು ಹೇಳಿದಾಗ ವ್ಯವಸ್ಥಾಪಕರು ಒಂದು ಗಳಿಗೆ ಜಗಿಯುವುದನ್ನು ನಿಲ್ಲಿಸಿದರು. ಯಾರೂ ಜೈಕಾರ ಹಾಕಲಿಲ್ಲ, ನಿಟ್ಟುಸಿರೂ ಕೇಳಿಸಲಿಲ್ಲ. ಎಲ್ಲರ ಕಣ್ಣು ಟಿವಿಯಲ್ಲಿ, ಕಿವಿ ಬೀದಿಯಲ್ಲಿ. ಪತ್ರಿಕೆಯ ಮೇಲೆ ಸಿಪ್ಪೆ ಗುಡ್ಡೆಯಾಗುತ್ತಿತ್ತು.

ದೊಡ್ಡಮ್ಮ ನನ್ನ ಮೊಣಕೈ ತಿವಿದಳು. "ಅದೆಲ್ಲ ಇರಲಿ, ನಾಳೆ ನಮ್ಮ ರೈಲು ಹೊರಡುತ್ತದೆಯೋ ಇಲ್ಲವೋ, ಅವರನ್ನು ಕೇಳು."