ಎರಡು ಸ್ಟಾರ್ ವಿಮರ್ಶೆಗೆ ಉತ್ತರ ಬರೆದುಕೊಟ್ಟೆ

ಸ್ವಂತವಾಗಿ ಪುಸ್ತಕ ಪ್ರಕಟಿಸುವ ಲೇಖಕರಿಗೆ ಪ್ರಚಾರದ ಕೆಲಸ ಮಾಡಿಕೊಡುವುದು ನನ್ನ ವೃತ್ತಿ. ಬೆನ್ನುಡಿ ಬರೆಯುವುದು, ಬಿಡುಗಡೆಗೆ ಮೊದಲೇ ಓದುಗರಿಗೆ ಪ್ರತಿ ಕಳಿಸುವುದು, ಇಂಥವು. ಶುರುವಿನಲ್ಲಿ ಮಾಡಿದ ಒಂದು ತಪ್ಪನ್ನು ಇವತ್ತಿಗೂ ಮರೆತಿಲ್ಲ.

ಒಬ್ಬ ಲೇಖಕಿಯ ಮೊದಲ ಕಾದಂಬರಿ. ಬಿಡುಗಡೆಯಾಗಿ ಎರಡು ವಾರಕ್ಕೆ ಒಬ್ಬ ಓದುಗರು ಎರಡು ಸ್ಟಾರ್ ಕೊಟ್ಟಿದ್ದರು. ಕೊಲೆ ಯಾರು ಮಾಡಿದ್ದು ಅಂತ ತಿಳಿಯೋಕೆ ಓದಿದೆ, ಪುಸ್ತಕದ ತುಂಬಾ ಅಕ್ಕ ತಂಗಿಯರ ಮುನಿಸೇ ಇದೆ ಅನ್ನುವುದು ಅವರ ದೂರು.

ಲೇಖಕಿ ರಾತ್ರಿ ಫೋನ್ ಮಾಡಿದರು. "ನಾಲ್ಕು ವರ್ಷ ಬರೆದಿದ್ದೀನಿ ಸರ್, ಏನಾದ್ರೂ ಮಾಡಿ" ಎಂದರು. ದನಿ ನಡುಗುತ್ತಿತ್ತು. ನನಗೂ ಸಂಕಟವಾಯಿತು. ಅವರ ಹೆಸರಿನಲ್ಲಿ ಉದ್ದನೆಯ ಉತ್ತರ ಬರೆದುಕೊಟ್ಟೆ. ಕಥೆಯ ಒಳಾರ್ಥ ನಿಮಗೆ ಸಿಕ್ಕಿಲ್ಲ ಎಂಬ ಧಾಟಿಯಲ್ಲಿತ್ತು ಅದು. ಮರುದಿನವೇ ಬೇರೆ ಓದುಗರು ಆ ವಿಮರ್ಶಕರ ಪರ ನಿಂತರು. ಲೇಖಕರೇ ವಾದಕ್ಕೆ ಬರೋದಾದ್ರೆ ನಾವು ಯಾಕೆ ಬರೀಬೇಕು ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ? ಉತ್ತರ ಅಳಿಸಿದೆವು. ಆದರೆ ಆ ತಿಂಗಳು ಹೊಸ ವಿಮರ್ಶೆ ಒಂದೂ ಬರಲಿಲ್ಲ. ಕಹಿ ವಿಮರ್ಶೆ ಬರೆದವರ ಜೊತೆ ಮಾತಿಗೆ ಇಳಿಯಬೇಡಿ ಎಂದು ಓದುಗರು ಪುಸ್ತಕ ವಿಮರ್ಶೆ ಬರೆಯುವ ಜಾಲತಾಣ ಗುಡ್‌ರೀಡ್ಸ್ ಲೇಖಕರಿಗೆ ಹೇಳುವುದು ಯಾಕೆ ಅಂತ ಆಗ ಅರ್ಥವಾಯಿತು.

ಕೋಪ ಇಳಿದ ಮೇಲೆ ಆ ವಿಮರ್ಶೆಯ ನಾಲ್ಕು ಸಾಲನ್ನು ಮತ್ತೆ ಓದಿದೆ. ಓದುಗರು ಹೇಳಿದ್ದು ನಿಜ. ಬೆನ್ನುಡಿಯ ಮೊದಲ ಸಾಲಿನಲ್ಲೇ ಹೆಣ ಇತ್ತು. ಅದನ್ನು ಬರೆದವನು ನಾನು. ಪತ್ತೇದಾರಿ ಕಥೆ ಜಾಸ್ತಿ ಮಾರಾಟವಾಗುತ್ತದೆ ಎಂದು, ಇಬ್ಬರು ಅಕ್ಕ ತಂಗಿಯರ ಕಥೆಗೆ ಕೊಲೆಯ ಬಣ್ಣ ಬಳಿದಿದ್ದೆ. ತಪ್ಪು ಓದುಗರನ್ನು ನಾನೇ ಕರೆತಂದು, ಬೇಸರಪಟ್ಟಿದ್ದಕ್ಕೆ ಅವರನ್ನೇ ಬೈದಿದ್ದೆ.

ಸ್ವಂತವಾಗಿ ಪುಸ್ತಕ ಪ್ರಕಟಿಸಲು ಅಮೆಜಾನ್ ನಡೆಸುವ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್‌ನಲ್ಲಿ ಪುಸ್ತಕ ಹೊರಬಂದ ಮೇಲೂ ವಿವರಣೆ, ವಿಭಾಗ ಎರಡನ್ನೂ ಬದಲಿಸಬಹುದು. ಎರಡನ್ನೂ ಬದಲಿಸಿದೆ. ಮೊದಲ ಸಾಲಿಗೆ ಅಕ್ಕ ತಂಗಿಯರು ಬಂದರು. ನಿಧಾನವಾಗಿ, ಇಂಥ ಕಥೆಯನ್ನೇ ಹುಡುಕುತ್ತಿದ್ದವರು ಸಿಕ್ಕರು.

ಈಗ ಮುಂಗಡ ಪ್ರತಿಯನ್ನು ಲೇಖಕರ ನೆಂಟರಿಗೆ, ಸ್ನೇಹಿತರಿಗೆ ಕಳಿಸುವುದಿಲ್ಲ. ಹತ್ತಿರದವರ ವಿಮರ್ಶೆಗೆ ಅಮೆಜಾನ್‌ನಲ್ಲಿ ಅವಕಾಶವೂ ಇಲ್ಲ. ನೀನು ನನ್ನದಕ್ಕೆ ಬರಿ, ನಾನು ನಿನ್ನದಕ್ಕೆ ಬರೀತೀನಿ ಅನ್ನುವ ಒಪ್ಪಂದವೂ ಅಲ್ಲಿ ನಡೆಯದು. ದುಡ್ಡು ಕೊಟ್ಟು ಸುಳ್ಳು ವಿಮರ್ಶೆ ಬರೆಸುವುದಂತೂ ಅಮೆರಿಕದಲ್ಲಿ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ದಂಡಕ್ಕೆ ದಾರಿ. ಅದೇ ಬಗೆಯ ಪುಸ್ತಕಗಳನ್ನು ಪ್ರೀತಿಯಿಂದ ಓದುವ ಅಪರಿಚಿತರನ್ನು ಹುಡುಕುತ್ತೇನೆ. ಪ್ರತಿಯ ಜೊತೆ ಎರಡೇ ಸಾಲು ಬರೆಯುತ್ತೇನೆ: "ಇಷ್ಟವಾಗದಿದ್ದರೂ ಹಾಗೇ ಬರೆಯಿರಿ. ಬರೆಯಲು ಆಗದಿದ್ದರೂ ಪರವಾಗಿಲ್ಲ." ಪುಸ್ತಕದ ಕೊನೆಯ ಪುಟದಲ್ಲೂ ವಿಮರ್ಶೆ ಬರೆಯಿರಿ ಎಂಬ ಸಣ್ಣ ವಿನಂತಿ ಇರುತ್ತದೆ. ಆಗಷ್ಟೇ ಓದಿ ಮುಗಿಸಿದವರ ಮನಸ್ಸಿನಲ್ಲಿ ಕಥೆ ಇನ್ನೂ ಬೆಚ್ಚಗಿರುತ್ತದೆ.

ಆ ಲೇಖಕಿ ಎರಡನೇ ಕಾದಂಬರಿಗೂ ನನ್ನ ಹತ್ತಿರವೇ ಬಂದರು. ಹಸ್ತಪ್ರತಿ ಕೊಡುವಾಗ, "ಬೆನ್ನುಡಿ ಮೊದಲು ನನಗೆ ತೋರಿಸಿ ಸರ್, ಕಥೆಯಲ್ಲಿ ಇಲ್ಲದ್ದು ಅದರಲ್ಲಿದ್ರೆ ಹೇಳ್ತೀನಿ" ಎಂದರು.