ಎಫ್ ಅಂದ್ರೋ, ಎಸ್ ಅಂದ್ರೋ?

ಒಂದು ಅಕ್ಷರ ನೆಟ್ಟಗೆ ಕೇಳಿಸದೆ ನಮ್ಮ ಫೌಂಡ್ರಿಯಲ್ಲಿ 18 ಎರಕ ದಂಡವಾದವು. ಆಫೀಸಿನ ಫೋನ್‌ಗಳನ್ನು ಬದಲಿಸೋಣ ಅಂತ ನಾನು ಎರಡು ವರ್ಷದಿಂದ ಹೇಳುತ್ತಿದ್ದೆ. ಸಾವಕಾರ್ರು ಕಿವಿಗೆ ಹಾಕಿಕೊಂಡಿದ್ದು ಆ ದಿನ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಡ್ಮಿನ್ ನೋಡಿಕೊಳ್ಳುತ್ತೇನೆ. ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಊರಿನ ಇಂಗ್ಲಿಷ್ ಹೆಸರು ಬದಲಾಗಿದ್ದು 2014ರಲ್ಲಿ. ನಾನು ಸೇರಿದಾಗ ನಮ್ಮ ಲೆಟರ್‌ಹೆಡ್ ಮೇಲೆ ಇನ್ನೂ ಬೆಲ್ಗಾಮ್ ಅಂತಲೇ ಇತ್ತು. 0831 ಮಾತ್ರ ಆಗಲೂ ಅದೇ, ಈಗಲೂ ಅದೇ. ಇಷ್ಟು ವರ್ಷ ಬೇರೆಯವರ ಮಾತು ಕೇಳಿ ಕೇಳಿ ನನ್ನ ಕಿವಿ ಸ್ವಲ್ಪ ಚುರುಕಾಗಿದೆ ಅಂದುಕೊಂಡಿದ್ದೇನೆ.

ಆ ದಿನ ಆಗಿದ್ದಿಷ್ಟು. ಮಾರ್ಕೆಟಿಂಗ್ ಹುಡುಗ ಮೋಲ್ಡಿಂಗ್ ಸೆಕ್ಷನ್ನಿಗೆ ಫೋನ್ ಮಾಡಿ, ಅರ್ಜೆಂಟ್ ಇದೆ, ಗ್ರೇಡ್ ‘ಎಸ್‌ಜಿ ನಾನೂರು’ ಅಂದ. ಅಲ್ಲಿ ನಮ್ಮ ಕಾಕಾ ಚೀಟಿಯಲ್ಲಿ ‘ಎಫ್‌ಜಿ 400’ ಅಂತ ಬರೆದುಕೊಂಡರು. ಎರಡೂ ಎರಕದ ಕಬ್ಬಿಣದಲ್ಲಿ ಇರುವ ಗ್ರೇಡ್‌ಗಳೇ. ಎಫ್‌ಜಿ ಅಂದರೆ ಗ್ರೇ ಐರನ್. ಅದರೊಳಗಿನ ಗ್ರಾಫೈಟ್ ಚಕ್ಕೆ ಚಕ್ಕೆಯಾಗಿರುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಎಸ್‌ಜಿಗೆ ಮೆಗ್ನೀಸಿಯಂ ಕೊಡಬೇಕು. ಆಗ ಗ್ರಾಫೈಟ್ ಗುಂಡಗಾಗುತ್ತದೆ, ಎರಕ ಬಾಗಿದರೂ ಬೇಗ ಮುರಿಯುವುದಿಲ್ಲ. ಲ್ಯಾಬಿನವರು ಹಿಡಿಯುವ ಹೊತ್ತಿಗೆ 18 ಪೀಸ್ ಸುರಿದಾಗಿತ್ತು. ಎಲ್ಲ ಮತ್ತೆ ಫರ್ನೇಸಿಗೇ ಹೋಯಿತು.

“ನಾ ಎಸ್ ಅಂತನ ಅಂದೇನ್ರಿ ಕಾಕಾ.”

“ನನಗ ಎಫ್ ಅಂತನ ಕೇಳಿಸ್ತಪಾ. ನಾ ಯಾಕ ಸುಳ್ಳ ಹೇಳ್ಲಿ?”

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹಳೆಯ ಫೋನ್ ಲೈನ್ 300ರಿಂದ 3400 ಹರ್ಟ್ಸ್ ತನಕದ ಸದ್ದನ್ನಷ್ಟೇ ಒಯ್ಯುತ್ತದೆ. ಮಾತು ತಿಳಿಯೋಕೆ ಅಷ್ಟು ಸಾಕು ಅಂತ ಹಿಂದೆ ಲೆಕ್ಕ ಹಾಕಿದ್ದರು. ಆದರೆ ‘ಸ್’ ಅನ್ನುವ ಸೀಟಿಯಂಥ ಸದ್ದಿನ ಬಹುಪಾಲು ಅದಕ್ಕಿಂತ ಮೇಲಿರುತ್ತದೆ. ಅದನ್ನು ಕತ್ತರಿಸಿಬಿಟ್ಟರೆ ಎಸ್ಸಿಗೂ ಎಫ್ಫಿಗೂ ವ್ಯತ್ಯಾಸ ಉಳಿಯುವುದೇ ಕಡಿಮೆ. ಮೇಲಾಗಿ ಆ ರಿಸೀವರಿನ ಮೈಕಿನ ತೂತುಗಳಲ್ಲಿ ಕರಿ ಧೂಳು ತುಂಬಿತ್ತು. ನಾನು ಸೂಜಿಯಿಂದ ಕೆದಕಿದಾಗ ಟೇಬಲ್ ಮೇಲೆ ಒಂದು ಚಿಟಿಕೆಯಷ್ಟು ಮಸಿ ಮರಳು ಬಿತ್ತು. ಹೊರಗಿಂದ ಒರೆಸಿ ಒರೆಸಿ ಫೋನ್ ಫಳಫಳ ಇಟ್ಟಿದ್ದರು, ಪಾಪ.

“ಎಲ್ಲರ ಕಡೆ ಮೊಬೈಲ್ ಐತಿ, ಟೇಬಲ್ ಫೋನ್ ಯಾಕ ಬೇಕು?” ಅಂತ ಅಕೌಂಟ್ಸಿನವರು ಕೇಳಿದರು. ಮೊಬೈಲಿನಲ್ಲಿ ಈಗ ಮಾತು ಸ್ಪಷ್ಟ ಕೇಳುತ್ತದೆ, ಅದು ಸುಳ್ಳಲ್ಲ. 4ಜಿ ಮೇಲೆ ಹೋಗುವ ಕಾಲ್‌ಗೆ ಜಾಸ್ತಿ ಅಗಲದ ಸದ್ದು ಸಿಗುತ್ತದೆ. ಆದರೆ ಡಿಸ್ಪ್ಯಾಚ್ ಹುಡುಗಿ ಕೆಲಸ ಬಿಟ್ಟರೆ ಗಿರಾಕಿಗಳಿಗೆ ಗೊತ್ತಿರುವ ನಂಬರೂ ಅವಳ ಜೊತೆ ಮನೆಗೆ ಹೋಗುತ್ತದೆ. ಎಕ್ಸ್‌ಟೆನ್ಶನ್ 24ರಲ್ಲಿ ಯಾರೇ ಕೂತರೂ ಅದು 24.

ಐಪಿ ಫೋನ್, ಅಂದರೆ ಕಂಪ್ಯೂಟರ್ ನೆಟ್‌ವರ್ಕಿನ ಮೇಲೆ ಓಡುವ ಫೋನ್, ತರಿಸುವುದು ಅಂತ ಆಯಿತು. ಮಾರುವವರು ಬಂದು ಬಣ್ಣದ ಸ್ಕ್ರೀನ್, ವಿಡಿಯೋ ಕಾಲ್ ಅಂತ ತೋರಿಸಿದರು. ನಾನು ಕೇಳಿದ್ದು ಎರಡೇ. ಜಿ.722 ಇದೆಯಾ? ನಾಲ್ಕು ಪೀಸ್ ಒಂದು ವಾರ ನಮ್ಮಲ್ಲಿ ಬಿಡುತ್ತೀರಾ? ಜಿ.722 ಅಂದರೆ ಸದ್ದನ್ನು ಅಂಕಿಗಳಾಗಿ ಕಟ್ಟಿ ಕಳಿಸುವ ಒಂದು ಪದ್ಧತಿ. ಅದಿದ್ದರೆ ಸದ್ದು ಸುಮಾರು 7000 ಹರ್ಟ್ಸ್ ತನಕ ಹೋಗುತ್ತದೆ. ಎರಡೂ ಕಡೆಯ ಫೋನಿನಲ್ಲಿ ಇರಬೇಕು, ನಡುವಿನ ಸಿಸ್ಟಮ್ಮೂ ಅದನ್ನು ಬಿಟ್ಟುಕೊಡಬೇಕು. ಹೊರಗಿನ ಲ್ಯಾಂಡ್‌ಲೈನಿಗೆ ಮಾತಾಡುವಾಗ ಮತ್ತೆ ಹಳೆಯ ಕಥೆಯೇ. ನಮ್ಮ ಎಡವಟ್ಟು ಒಳಗಿನದ್ದು, ಹಾಗಾಗಿ ನಮಗೆ ಇದು ಸಾಕಾಗಿತ್ತು.

ಹೊಸ ಫೋನ್ ಇಟ್ಟ ಕೂಡಲೆ ನಾನೇ ಅದರಲ್ಲಿ ಮಾತಾಡಿ ಪರೀಕ್ಷೆ ಮಾಡಲಿಲ್ಲ. ಹಾಗೆ ಪರೀಕ್ಷೆ ಮಾಡುವುದು ಎಲ್ಲರೂ ಮಾಡುವ ತಪ್ಪು. ನಮ್ಮ ಫೋನ್ ನಮಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ, ಅಲ್ವಾ? ಕಾಕಾನನ್ನು ಅವರ ಜಾಗದಲ್ಲೇ ನಿಲ್ಲಿಸಿ, ಎರಕದ ಅಂಚು ಉಜ್ಜುವ ಫೆಟ್ಲಿಂಗ್ ಗ್ರೈಂಡರ್ ಓಡುತ್ತಿರುವಾಗಲೇ, ನಾನು ಆಫೀಸಿನಲ್ಲಿ ಕೂತು ಕೇಳಿದೆ. ಒಂದು ಮಾಡೆಲ್ ಅಲ್ಲೇ ಬಿದ್ದುಹೋಯಿತು. ಗ್ರೈಂಡರ್ ಸದ್ದು ಬಂದಾಗಲೆಲ್ಲ ಅದು ಕಾಕಾನ ದನಿಯನ್ನೂ ಸೇರಿಸಿ ಅದುಮುತ್ತಿತ್ತು.

ಹೆಡ್‌ಸೆಟ್ಟಿನಲ್ಲಿ ನಾನೇ ಮೋಸ ಹೋದೆ. ನಾಯ್ಸ್ ಕ್ಯಾನ್ಸಲಿಂಗ್ ಅಂತ ಡಬ್ಬಿ ಮೇಲೆ ದಪ್ಪಗೆ ಬರೆದಿತ್ತು, ಡಿಸ್ಪ್ಯಾಚ್‌ಗೆ ಮೂರು ತರಿಸಿದೆ. ಹಾಕಿಕೊಂಡವರಿಗೆ ಗುಡಿಯೊಳಗೆ ಕೂತಷ್ಟು ಶಾಂತ. ಆಚೆಯ ಗಿರಾಕಿಗೆ ಲಾರಿ ಹಾರ್ನೂ ಕೇಳುತ್ತಿತ್ತು, ಹಮಾಲರ ಬೈಗುಳವೂ ಕೇಳುತ್ತಿತ್ತು. ಕಿವಿಯ ಗದ್ದಲ ಕಳೆಯುವುದೇ ಬೇರೆ, ಮೈಕಿನ ಗದ್ದಲ ಕಳೆಯುವುದೇ ಬೇರೆ. ಆಫೀಸಿಗೆ ಮುಖ್ಯವಾಗಿ ಬೇಕಾದ್ದು ಎರಡನೆಯದು. ಬಹಳಷ್ಟು ಬ್ಲೂಟೂತ್ ಹೆಡ್‌ಸೆಟ್ಟಿಗೆ ಇನ್ನೊಂದು ರೋಗ. ಹಾಡು ಕೇಳುವಾಗ ಸೊಗಸಾಗಿರುತ್ತದೆ, ಮೈಕ್ ಆನ್ ಆದ ಕೂಡಲೆ ದನಿ ಡಬ್ಬಿಯೊಳಗಿಂದ ಬಂದ ಹಾಗೆ ಸಪ್ಪಗಾಗುತ್ತದೆ. ಈಗ ವೈರ್ ಇರುವ, ಒಂದೇ ಕಿವಿಯ, ಬಾಯಿಯ ಹತ್ತಿರ ಕಡ್ಡಿ ಮೈಕ್ ಇರುವ ಹೆಡ್‌ಸೆಟ್ ಇಟ್ಟಿದ್ದೇವೆ. ಮೈಕ್ ತುಟಿಯ ಮೂಲೆಯಿಂದ ಎರಡು ಬೆರಳು ದೂರ ಇರಬೇಕು, ಎದುರಿಗೆ ಬೇಡ. ಇಲ್ಲದಿದ್ದರೆ ಉಸಿರು ಗಾಳಿಯಂತೆ ಬೀಸುತ್ತದೆ. ಇನ್ನೊಂದು ಕಿವಿ ಖಾಲಿ ಇದ್ದರೆ ಪಕ್ಕದವರು ಕರೆದಿದ್ದೂ ಗೊತ್ತಾಗುತ್ತದೆ. ಒಬ್ಬರ ಹೆಡ್‌ಸೆಟ್ ಇನ್ನೊಬ್ಬರಿಗೆ ಕೊಡುವುದಿಲ್ಲ. ಏಪ್ರಿಲ್ ಬೆವರಿನಲ್ಲಿ ಆ ಸ್ಪಂಜು ಮುಟ್ಟಿ ನೋಡಿದವರು ಯಾಕೆ ಅಂತ ಕೇಳುವುದಿಲ್ಲ.

ಸಾವಕಾರ್ರ ಕ್ಯಾಬಿನ್ನಿಗೆ ದೊಡ್ಡ ಸ್ಪೀಕರ್ ಫೋನ್ ಬಂತು. ಪುಣೆಯ ಗಿರಾಕಿಗಳು ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತಿದೆ ಅಂದರು. ಕ್ಯಾಬಿನ್ ತುಂಬ ಗ್ರಾನೈಟು, ಗಾಜು. ಫೋನ್ ಇಟ್ಟಿದ್ದು ಸರಿಯಾಗಿ ಫ್ಯಾನಿನ ಕೆಳಗೆ. ದಪ್ಪ ಪರದೆ ಹಾಕಿಸಿ, ಫೋನನ್ನು ಅತ್ತ ಸರಿಸಿದೆ. ಪರದೆಯ ಖರ್ಚು ಟೆಲಿಫೋನ್ ಖಾತೆಗೆ ಯಾಕೆ ಹಾಕಿದ್ದೀರಿ ಅಂತ ಆಡಿಟರ್ ಕೇಳಿದರು.

ಹಳೆಯ ಇಪಿಎಬಿಎಕ್ಸ್‌ಗೆ, ಅಂದರೆ ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜಿಗೆ, ಒಂದು ದೊಡ್ಡ ಗುಣವಿತ್ತು. ಅದರ ಹೊಟ್ಟೆಯಡಿ ಬ್ಯಾಟರಿ. ಕರೆಂಟ್ ಹೋದರೂ ಫೋನ್ ಬಂದ್ ಆಗುತ್ತಿರಲಿಲ್ಲ, ಎರಡು ತಂತಿಯಲ್ಲೇ ಎಲ್ಲ ಬರುತ್ತಿತ್ತು. ಹೊಸ ಫೋನ್‌ಗಳಿಗೆ ನೆಟ್‌ವರ್ಕ್ ಕೇಬಲ್ಲಿನಿಂದಲೇ ಕರೆಂಟ್ ಬರುತ್ತದೆ, ಪಿಓಇ ಸ್ವಿಚ್ಚಿನಿಂದ, ಅಂದರೆ ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿಯಿಂದ. ಹಾಕಿದ ಮೂರನೇ ದಿನ ಕರೆಂಟ್ ಹೋಯಿತು, 26 ಫೋನೂ ಒಟ್ಟಿಗೆ ಕಣ್ಣು ಮುಚ್ಚಿದವು. ಕಾಲ್ ಜೋಡಿಸುವ ಸರ್ವರ್ ಯುಪಿಎಸ್ ಮೇಲಿತ್ತು, ಸ್ವಿಚ್ ಗೋಡೆಯ ಪ್ಲಗ್ಗಿನಲ್ಲಿತ್ತು! ಅದೇ ದಿನ ಸಂಜೆ ಸ್ವಿಚ್ಚನ್ನೂ ಯುಪಿಎಸ್ಸಿಗೆ ಸೇರಿಸಿದೆ. ಸ್ವಿಚ್ ಕೊಳ್ಳುವಾಗ ಎಷ್ಟು ಪೋರ್ಟ್ ಅಂತ ಮಾತ್ರ ನೋಡಬೇಡಿ. ಒಂದು ಪೋರ್ಟಿಗೆ 15.4 ವ್ಯಾಟ್ ಅಂತ ಬರೆದಿದ್ದರೂ ಎಲ್ಲ ಪೋರ್ಟಿಗೂ ಒಟ್ಟಿಗೆ ಅಷ್ಟು ಕೊಡುವ ತಾಕತ್ತು ಇರುತ್ತದೆ ಅಂತೇನಿಲ್ಲ. ಒಟ್ಟು ವ್ಯಾಟ್ ಬೇರೆಯಾಗಿ ಬರೆದಿರುತ್ತಾರೆ.

ಎರಕದ ಶೆಡ್ಡಿಗೂ ಆಫೀಸಿಗೂ 140 ಮೀಟರ್. ನೆಟ್‌ವರ್ಕ್ ಕೇಬಲ್ 100 ಮೀಟರಿನ ಮೇಲೆ ಎಳೆಯುವ ಹಾಗಿಲ್ಲ. ಹೀಗಾಗಿ ನಡುವೆ ಫೈಬರ್ ಎಳೆಸಿದೆ. ಮೇ ತಿಂಗಳ ಗುಡುಗು ಮಳೆಗೆ ಹಳೆಯ ತಾಮ್ರದ ತಂತಿ ಎರಡು ಸಲ ಸಿಡಿಲಿನ ಏಟು ತಿಂದು ಕಾರ್ಡ್ ಸುಟ್ಟಿತ್ತು. ಫೈಬರ್ ಗಾಜಿನದ್ದು, ಅದರೊಳಗೆ ಕರೆಂಟ್ ಹರಿಯುವುದಿಲ್ಲ. ಬೇರೆ ಕಾರಣಕ್ಕೆ ಎಳೆಸಿದ್ದು ಇದಕ್ಕೂ ಒದಗಿತು.

ಲ್ಯಾಡಲ್‌ನಿಂದ ಕರಗಿದ ಕಬ್ಬಿಣ ಸುರಿಯುವ ಜಾಗದಲ್ಲಿ ಮಾತ್ರ ಹಳೆಯ ಕೆಂಪು ಫೋನನ್ನೇ ಇಟ್ಟಿದ್ದೇನೆ, ಒಂದು ಅಡಾಪ್ಟರ್ ಹಚ್ಚಿ. ಅಲ್ಲಿ ಬೇಕಾದ್ದು ಗಂಟೆಯ ಜೋರು, ಜೊತೆಗೊಂದು ಮಿನುಗು ಲೈಟ್. ಆದರೆ ಅದರಲ್ಲಿ ಎಸ್ಸು, ಎಫ್ಫು ಇನ್ನೂ ಒಂದೇ ಥರ. ಅದಕ್ಕೇ ಫೋನಿನಲ್ಲಿ ಎಫ್‌ಜಿ ಅನ್ನುವುದನ್ನೇ ನಿಲ್ಲಿಸಿದ್ದೇವೆ. ‘ಗ್ರೇ’ ಅನ್ನಬೇಕು. ಬರೆದುಕೊಂಡವರು ತಿರುಗಿ ಓದಿ ಹೇಳಬೇಕು.

ಸೋಮವಾರ ಬೆಳಿಗ್ಗೆ ನಾನು ಪ್ರತಿ ಎಕ್ಸ್‌ಟೆನ್ಶನ್ನಿಗೂ ಫೋನ್ ಹಚ್ಚಿ ‘ಎಸ್‌ಜಿ, ಎಫ್‌ಜಿ ಅನ್ರಿ’ ಅನ್ನುತ್ತೇನೆ. ಯಾರ ದನಿ ಮಂಕಾಗಿದೆಯೋ ಅವರ ರಿಸೀವರ್ ಸೂಜಿಗೆ ಬರುತ್ತದೆ. ಮೊನ್ನೆ ಸೋಮವಾರ ಮೋಲ್ಡಿಂಗಿಗೆ ಹಚ್ಚಿದೆ.

“ಎಸ್ಸೂ ಇಲ್ಲ, ಎಫ್ಫೂ ಇಲ್ರಿ ಅಕ್ಕಾರ,” ಅಂದರು ಕಾಕಾ. “ಕರೆಂಟ್ ಹೋಗಿ ಅರ್ಧಾ ತಾಸ್ ಆತು. ನಿಮ್ಮ ಫೋನ್ ಒಂದ ಚಾಲೂ ಐತಿ.”

ಎಸ್ಸೂ ಎಫ್ಫೂ ಎರಡೂ ಬೇರೆ ಬೇರೆಯಾಗಿ ಕೇಳಿಸಿದವು. ರಿಜಿಸ್ಟರಿನಲ್ಲಿ ಟಿಕ್ ಹಾಕಿ ಮುಂದಿನ ಎಕ್ಸ್‌ಟೆನ್ಶನ್ ಒತ್ತಿದೆ.