ಜಿನೋವಾದಲ್ಲಿ ಒಂದು ಸೋಮವಾರ

ಹಡಗಿನಲ್ಲಿ ದುಡಿಯುವವನಿಗೆ ಊರು ಸಿಕ್ಕರೆ ಸಮಯ ಸಿಗುವುದಿಲ್ಲ, ಸಮಯ ಸಿಕ್ಕರೆ ಊರು ಮೈಲಿಗಟ್ಟಲೆ ದೂರ. ಇಟಲಿಯ ಜಿನೋವಾಕ್ಕೆ ಅದಕ್ಕೂ ಮೊದಲು ಎರಡು ಸಲ ಹೋಗಿದ್ದೆ. ನೋಡಿದ್ದು ಕ್ರೇನು, ಬಂದರಿನ ಗೇಟು, ಮತ್ತೆ 77 ಮೀಟರ್ ಎತ್ತರದ ಆ ಹಳೆಯ ದೀಪಸ್ತಂಭ. 1543ರಿಂದ ಅದೇ ರೂಪದಲ್ಲಿ ನಿಂತಿರುವ ಅದಕ್ಕೆ ಅಲ್ಲಿಯವರು ಲಾಂತೆರ್ನಾ ಅನ್ನುತ್ತಾರೆ. ನಮ್ಮ ಲಾಟೀನಿನ ದೂರದ ನೆಂಟ ಇರಬೇಕು.

ಮೂರನೇ ಸಲ ಬೆಳಗಿನ ಜಾವ ಹಡಗು ದಡಕ್ಕೆ ಕಟ್ಟಿತು. ಎಣ್ಣೆ ಶುದ್ಧ ಮಾಡುವ ಪ್ಯೂರಿಫೈಯರ್ ಯಂತ್ರದ ಕೆಲಸ ಒಂಬತ್ತಕ್ಕೇ ಮುಗಿದದ್ದರಿಂದ ಚೀಫ್ ಇಂಜಿನಿಯರ್, ‘ನಾಲ್ಕು ಗಂಟೆಗೆ ವಾಪಸ್ ಇರಬೇಕು’ ಅಂದು ಬಿಟ್ಟರು. ಜೊತೆಗೆ ಬಂದವನು ಥರ್ಡ್ ಇಂಜಿನಿಯರ್, ಕಾರವಾರದ ಹುಡುಗ. ಅವನಿಗೆ ಶೂ ಬೇಕಿತ್ತು. ನನಗೆ ಒಂದು ಬೀದಿ ಬೇಕಿತ್ತು: ವಿಯಾ ಗ್ಯಾರಿಬಾಲ್ಡಿ. ಮೆಡಿಟರೇನಿಯನ್ ಹಾದಿಯುದ್ದಕ್ಕೂ ಅದರ ಬಗ್ಗೆ ಓದಿಕೊಂಡು, ಅವನ ತಲೆಯನ್ನೂ ತಿಂದಿದ್ದೆ. ಶೂ ಆಮೇಲೆ ಎಂದು ಒಪ್ಪಿಸಿ ಕರೆದುಕೊಂಡು ಹೋದೆ.

ರೈಲ್ವೆ ಸ್ಟೇಷನ್ನಿನಿಂದ ವಿಯಾ ಬಾಲ್ಬಿ ದಾಟಿ ನಡೆದರೆ ಕಾಲು ಗಂಟೆಯೂ ಬೇಡ. ಬೀದಿಯ ಬಾಯಿಗೆ ಬಂದು ನಿಂತ ಹುಡುಗ ಆ ಕಡೆ ಈ ಕಡೆ ನೋಡಿದ. ‘ಇದು ಬೀದಿಯಾ ಸಾಬ್, ಗಲ್ಲಿಯಾ?’

ತಪ್ಪಿಲ್ಲ. ಅಗಲ ಏಳೂವರೆ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೂರು ಕಂಟೇನರ್ ಪಕ್ಕಪಕ್ಕ ಇಟ್ಟರೆ ಬೀದಿ ಬಂದ್. ಉದ್ದ ಸುಮಾರು 250 ಮೀಟರ್. ನಮ್ಮ ಹಡಗೇ ಅದಕ್ಕಿಂತ ಉದ್ದ. ಎರಡೂ ಬದಿಗೆ ಅರಮನೆಗಳು ಒತ್ತಾಗಿ ನಿಂತಿವೆ, ಆದರೆ ಒಂದರ ಮುಖವನ್ನೂ ಪೂರ್ತಿ ನೋಡಲು ಆಗುವುದಿಲ್ಲ. ಹಿಂದೆ ಸರಿದರೆ ಎದುರು ಮನೆಯ ಗೋಡೆಗೆ ಬೆನ್ನು ತಾಗುತ್ತದೆ. ಕತ್ತು ಎತ್ತಿ ಎತ್ತಿ ನೋವು ಬಂತು. ಇಷ್ಟು ದುಡ್ಡು ಸುರಿದು, ನೋಡಲು ಜಾಗ ಬಿಡದೆ ಕಟ್ಟಿದ್ದಾರಲ್ಲ ಎಂದು ಮೊದಲು ಬೇಜಾರೇ ಆಯಿತು.

ಈ ಬೀದಿ ಹುಟ್ಟಿದ್ದು ನಮ್ಮ ಬೆಂಗಳೂರಿನ ಬಡಾವಣೆಗಳು ಹುಟ್ಟಿದ ಹಾಗೆಯೇ. 1550ರ ಹೊತ್ತಿಗೆ ಜಿನೋವಾ ಗಣರಾಜ್ಯದ ಆಡಳಿತ ಗುಡ್ಡದ ಬುಡದಲ್ಲಿ ಲೇಔಟ್ ಮಾಡಿತು, ಮರುವರ್ಷದಿಂದ ಸೈಟುಗಳ ಹರಾಜು. ನಕ್ಷೆಯ ಉಸ್ತುವಾರಿ ಬರ್ನಾರ್ದಿನೊ ಕಾಂತೋನೆ ಎಂಬ ವಾಸ್ತುಶಿಲ್ಪಿಯದು. ಹಳೆ ಊರಿನ ಕತ್ತಲೆ ಗಲ್ಲಿಗಳಲ್ಲಿ ಕುಲದವರೆಲ್ಲ ಒತ್ತೊತ್ತಾಗಿ ಬದುಕುತ್ತಿದ್ದರು. ಅದರಲ್ಲಿ ಬೆರಳೆಣಿಕೆಯ ಮನೆತನಗಳು ಸೈಟು ಹಿಡಿದು ಮೇಲೆ ಬಂದವು. ಅದಕ್ಕೂ ಮೊದಲು ಆ ಜಾಗದಲ್ಲಿ ಇದ್ದದ್ದು ಊರಿನ ವೇಶ್ಯಾಗೃಹಗಳು. ಬೀದಿಯ ಹೆಸರು ಬರೀ ‘ಹೊಸ ರಸ್ತೆ’, ಸ್ತ್ರಾದಾ ನೂವಾ. ಇಟಲಿಯನ್ನು ಒಗ್ಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿಯ ಹೆಸರು ಬಂದದ್ದು 1882ರಲ್ಲಿ.

ಅರಮನೆ ಕಟ್ಟಿದ ದುಡ್ಡು ಸ್ಪೇನಿನ ಕಡೆಯದು. 1528ರಲ್ಲಿ ಜಿನೋವಾದ ನೌಕಾಪತಿ ಆಂದ್ರೆಯಾ ಡೋರಿಯಾ ಫ್ರಾನ್ಸನ್ನು ಬಿಟ್ಟು ಸ್ಪೇನಿನ ದೊರೆ ಐದನೇ ಚಾರ್ಲ್ಸ್‌ನ ಪಕ್ಷಕ್ಕೆ ಹೋದ ಮೇಲೆ ಜಿನೋವಾದ ಸಾಹುಕಾರರು ಸ್ಪೇನಿನ ದೊರೆಗಳಿಗೆ ಸಾಲ ಕೊಡುವವರಾದರು. ಅಮೆರಿಕದ ಬೆಳ್ಳಿ ಸ್ಪೇನಿನ ಸೆವಿಲ್ಲಕ್ಕೆ ಬಂದು ಇಳಿಯುವ ಮೊದಲೇ ಅದರ ಮೇಲೆ ಇವರ ಲೆಕ್ಕ ಬರೆದಾಗಿರುತ್ತಿತ್ತು. ಬೀದಿಯ ಒಂದೆರಡು ಮನೆಗಳಲ್ಲಿ ಇವತ್ತಿಗೂ ಬ್ಯಾಂಕೇ ಇದೆ.

ನಾನು ಮುಖ್ಯವಾಗಿ ನೋಡಬೇಕೆಂದಿದ್ದದ್ದು ಹೆಸರಾಂತ ವಾದಕ ಪಗನೀನಿಯ ಪಿಟೀಲು. 1743ರಲ್ಲಿ ಗ್ವಾರ್ನೇರಿ ದೆಲ್ ಜೆಸು ಎಂಬ ಪಿಟೀಲು ಕುಶಲಕರ್ಮಿ ಮಾಡಿದ್ದು. ಅದರ ನಾದಕ್ಕೆ ಪಗನೀನಿ ‘ಫಿರಂಗಿ’ ಎಂದೇ ಹೆಸರಿಟ್ಟಿದ್ದ, ಸಾಯುವ ಮುಂಚೆ ಹುಟ್ಟೂರಾದ ಜಿನೋವಾಕ್ಕೆ ಬರೆದುಕೊಟ್ಟ. ಅದಿರುವುದು ಇದೇ ಬೀದಿಯ ತೂರ್ಸಿ ಅರಮನೆಯಲ್ಲಿ. ಎದುರಿನ ಕೆಂಪು ಅರಮನೆ ಪಲಾಜೊ ರೊಸ್ಸೊದಲ್ಲಿ ವಾನ್ ಡೈಕ್ ಬರೆದ ಚಿತ್ರಗಳು, ಬಿಳಿ ಅರಮನೆಯಲ್ಲಿ ಕರವಾಜ್ಜೊನ ಚಿತ್ರ. ಮೂರಕ್ಕೂ ಒಂದೇ ಟಿಕೆಟ್. ಕೌಂಟರಿನ ಬಾಗಿಲಿಗೆ ಹೋದರೆ ಬೋರ್ಡು: ಸೋಮವಾರ ರಜೆ.

ಹುಡುಗ ಏನೂ ಅನ್ನಲಿಲ್ಲ. ಆದರೆ ಶೂ ಅಂಗಡಿಯ ನೆನಪು ಅವನ ಮುಖದಲ್ಲಿ ಕಾಣುತ್ತಿತ್ತು.

ಬಾಗಿಲು ಮುಚ್ಚಿದ್ದು ಈ ಬೀದಿಯಲ್ಲೇ ಆದದ್ದು ನನಗೆ ಸ್ವಲ್ಪ ಚುಚ್ಚಿತು. ಯಾಕೆಂದರೆ ಈ ಮನೆಗಳು ಬಾಗಿಲು ಹಾಕಿಕೊಳ್ಳುವ ಹಾಗಿರಲಿಲ್ಲ. ಆಗ ಜಿನೋವಾ ರಾಜನಿಲ್ಲದ ರಾಜ್ಯ. ಎರಡು ವರ್ಷಕ್ಕೊಬ್ಬ ಡೋಜ್, ಅಂದರೆ ಗಣರಾಜ್ಯದ ಮುಖ್ಯಸ್ಥ, ಬದಲಾಗುತ್ತಿದ್ದ. ಪರದೇಶದ ದೊರೆಯೋ ಕಾರ್ಡಿನಲ್ಲೋ ಬಂದರೆ ಎಲ್ಲಿ ಇಳಿಸುವುದು? 1576ರಲ್ಲಿ ಸೆನೆಟ್ ಒಂದು ಉಪಾಯ ಮಾಡಿತು. ಊರಿನ ದೊಡ್ಡ ಮನೆಗಳ ಪಟ್ಟಿ ಬರೆಸಿ, ದೊಡ್ಡಸ್ತಿಕೆಗೆ ತಕ್ಕಂತೆ ವರ್ಗ ಮಾಡಿತು. ಅತಿಥಿ ಬಂದಾಗ ಅವನ ಅಂತಸ್ತಿನ ವರ್ಗದಿಂದ ಚೀಟಿ ಎತ್ತುವುದು. ಯಾರ ಹೆಸರು ಬಂತೋ ಅವರ ಮನೆಗೆ ಆ ಅತಿಥಿ. ಬೇಡ ಅನ್ನುವ ಹಾಗಿಲ್ಲ. ಪಟ್ಟಿಗೆ ರೋಲ್ಲಿ ಎಂದು ಹೆಸರು. 1664ರವರೆಗೆ ಮತ್ತೆ ನಾಲ್ಕು ಸಲ ಅದನ್ನು ಪರಿಷ್ಕರಿಸಿದರು. ಸರ್ಕಾರಿ ಗೆಸ್ಟ್‌ಹೌಸಿನ ಖರ್ಚನ್ನು ಸಾಹುಕಾರರ ಪ್ರತಿಷ್ಠೆಯ ಮೇಲೆ ಹೊರಿಸಿದ ಜಾಣತನ ಇದು. ಮೇಲಿನ ವರ್ಗದಲ್ಲಿ ಹೆಸರಿರುವುದೇ ಹೆಮ್ಮೆ, ಹಾಗಾಗಿ ಬೈದುಕೊಂಡೇ ಮೆಟ್ಟಿಲಿಗೆ ಅಮೃತಶಿಲೆ ಹಾಸಿಸಿರುತ್ತಾರೆ. ಈ ಬೀದಿಯೂ ಸೇರಿ ಅಂಥ 42 ಅರಮನೆಗಳನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯ ಮನೆಗಳಿಗೆ ಇನ್ನೊಂದು ಪಟ್ಟಿ. ವರ್ಷದಲ್ಲಿ ಕೆಲವು ದಿನ ಎಲ್ಲರಿಗೂ ಬಾಗಿಲು ತೆರೆಯುತ್ತಾರಂತೆ. ‘ಆ ದಿನ ನಮ್ಮ ಹಡಗು ಸಿಂಗಾಪುರದಲ್ಲಿರುತ್ತೆ ಬಿಡಿ’ ಅಂದ ಹುಡುಗ.

ಆಗ ಕಂಡದ್ದು, ತೂರ್ಸಿಯ ದೊಡ್ಡ ಬಾಗಿಲಿನಲ್ಲಿ ಜನ ಫೈಲು ಹಿಡಿದು ಒಳಗೆ ಹೋಗಿ ಬರುತ್ತಿದ್ದರು. 1848ರಿಂದ ಅದು ಊರಿನ ನಗರಸಭೆ. ಮ್ಯೂಸಿಯಮ್ಮಿಗೆ ರಜೆ, ಕಚೇರಿಗೆ ಇಲ್ಲ. ನಾವೂ ಹೋದೆವು. ಯಾರೂ ಕೇಳಲಿಲ್ಲ.

ಒಳಗೆ ಕಾಲಿಟ್ಟ ಮೇಲೆ ನನ್ನ ಬೇಜಾರು ತಪ್ಪೆಂದು ಗೊತ್ತಾಯಿತು. ಈ ಮನೆಗಳು ದಾರಿಹೋಕರಿಗಾಗಿ ಕಟ್ಟಿದವಲ್ಲ, ಒಳಗೆ ಬರುವವನಿಗಾಗಿ ಕಟ್ಟಿದವು. ಹಿಂದೆ ಗುಡ್ಡ, ಅದನ್ನು ಕಡಿದು ಸಮ ಮಾಡುವ ಬದಲು ಗುಡ್ಡದ ಜೊತೆಗೇ ಮನೆ ಹತ್ತಿಸಿದ್ದಾರೆ. ಮೊದಲು ನೆರಳಿನ ಪಡಸಾಲೆ, ಅಲ್ಲಿಂದ ಮೆಟ್ಟಿಲು, ಮೇಲೆ ಕಂಬಗಳ ನಡುವೆ ಬಿಸಿಲು ತುಂಬಿದ ಅಂಗಳ, ಅಂಗಳದ ಕೊನೆಗೆ ಮತ್ತೆ ಮೆಟ್ಟಿಲು, ಅದು ಎರಡು ಕವಲಾಗಿ ಮೇಲಕ್ಕೆ. ಬೀದಿಯಲ್ಲಿ ನಿಂತವನಿಗೆ ಬಾಗಿಲ ಚೌಕಟ್ಟಿನೊಳಗೆ ಬೆಳಕು ಮೆಟ್ಟಿಲು ಹತ್ತಿಕೊಂಡು ಹೋಗುವುದು ಕಾಣುತ್ತದೆ. ಇಂಜಿನ್ ರೂಮಿನ ಏಣಿ ಹತ್ತಿಳಿದೇ ಬದುಕಿದ ನನಗೆ ಇಷ್ಟು ಆರಾಮದ ಮೆಟ್ಟಿಲು ಕಂಡದ್ದು ನೆನಪಿಲ್ಲ. ಕಾಫಿ ಕಪ್ಪು ಹಿಡಿದ ಗುಮಾಸ್ತೆಯೊಬ್ಬಳು ಒಂದು ಹನಿ ಚೆಲ್ಲದೆ ಹತ್ತಿ ಹೋದಳು.

1565ರಲ್ಲಿ ಈ ಮನೆಗೆ ಕೈಹಾಕಿದವನು ನಿಕ್ಕೊಲೊ ಗ್ರಿಮಾಲ್ಡಿ, ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಸಾಲಗಾರರಲ್ಲಿ, ಅಂದರೆ ಸಾಲ ಕೊಟ್ಟವರಲ್ಲಿ, ದೊಡ್ಡವನು. ಊರಿನವರು ಅವನನ್ನು ‘ಚಕ್ರವರ್ತಿ’ ಅನ್ನುತ್ತಿದ್ದರು. ಉಳಿದವರು ಒಂದೊಂದು ಸೈಟಿನಲ್ಲಿ ಕಟ್ಟಿದರೆ ಇವನದು ಮೂರು. 1575ರಲ್ಲಿ ಫಿಲಿಪ್ ಸಾಲದ ಕಂತು ನಿಲ್ಲಿಸಿದ. 1597ರ ಹೊತ್ತಿಗೆ ಮನೆ ಡೋರಿಯಾಗಳ ಕೈಸೇರಿತ್ತು. ಅರಸನಿಗೆ ಸಾಲ ಕೊಡಬೇಡ ಎಂದು ಅವನಿಗೆ ಹೇಳುವ ಅಜ್ಜಿ ಇರಲಿಲ್ಲವೇನೊ.

ಧೈರ್ಯ ಬಂದು ಮುಂದಿನ ತೆರೆದ ಬಾಗಿಲುಗಳಲ್ಲೆಲ್ಲ ಇಣುಕಿದೆವು. ನಿಕೊಲೋಸಿಯೊ ಲೊಮೆಲ್ಲೀನೊ ಕಟ್ಟಿಸಿದ್ದು ತಿಳಿನೀಲಿ ಗೋಡೆ, ಮೇಲೆ ಬೆಣ್ಣೆಯಲ್ಲಿ ತೀಡಿದಂತೆ ಬಿಳಿ ಗಾರೆಯ ಹೂಬಳ್ಳಿ. ಅಂಗಳದ ಕೊನೆಗೆ ಗುಹೆಯ ಹಾಗೆ ಕಟ್ಟಿದ ಕಾರಂಜಿ.

ಹುಡುಗನಿಗೆ ಇಷ್ಟವಾದದ್ದು ಲೆರ್ಕಾರಿ ಮನೆ. ಬಾಗಿಲ ಎರಡೂ ಕಡೆ ಭಾರ ಹೊತ್ತ ಕಲ್ಲಿನ ಗಂಡಸರು, ಇಬ್ಬರಿಗೂ ಮೂಗಿಲ್ಲ. ಮುರಿದು ಬಿದ್ದದ್ದಲ್ಲ, ಹಾಗೇ ಕಡೆದದ್ದು. ಮನೆತನದ ಪೂರ್ವಜ ಮೆಗೊಲ್ಲೊ ಲೆರ್ಕಾರಿಗೆ ಕಪ್ಪು ಸಮುದ್ರದ ದಡದ ಟ್ರೆಬಿಜೊಂಡ್ ಚಕ್ರವರ್ತಿಯ ಆಸ್ಥಾನದಲ್ಲಿ ಯಾರೋ ಕೆನ್ನೆಗೆ ಹೊಡೆದನಂತೆ. ಇವನು ಹಡಗು ಕಟ್ಟಿಕೊಂಡು ಹೋಗಿ ಸಿಕ್ಕವರ ಕಿವಿ ಮೂಗು ಕೊಯ್ದು ಚಕ್ರವರ್ತಿಗೇ ಕಳಿಸಿದನಂತೆ. ದಂತಕಥೆ. ಆದರೂ ಅತಿಥಿಯನ್ನು ಬರಮಾಡಿಕೊಳ್ಳುವ ಬಾಗಿಲಿನಲ್ಲೇ ಅದನ್ನು ನಿಲ್ಲಿಸಿದ್ದಾರೆ ನೋಡಿ.

‘ಲಕ್ಷ್ಮಣ ಇಲ್ಲಿಗೂ ಬಂದಿದ್ನಾ ಸಾಬ್?’ ಅಂತ ಹುಡುಗ ಬಿದ್ದು ಬಿದ್ದು ನಕ್ಕ. ನಾಲ್ಕು ಫೋಟೊ ಹೊಡೆದ.

ಕೆಳಗಿನ ಮದ್ದಲೇನಾ ಗಲ್ಲಿಗೆ ಇಳಿದರೆ ಹಗಲಲ್ಲೇ ಕತ್ತಲು, ತಲೆಯ ಮೇಲೆ ಒಣಹಾಕಿದ ಬಟ್ಟೆ. ಅಲ್ಲೊಂದು ಒಲೆಯ ಮುಂದೆ ನಿಂತು ಕಡಲೆಹಿಟ್ಟಿನ ಬಿಸಿ ಫರಿನಾತಾ ತಿಂದೆವು. ಒಂದು ಹಸಿಮೆಣಸು ಬಿದ್ದಿದ್ದರೆ ಎಂದು ಇಬ್ಬರಿಗೂ ಅನ್ನಿಸಿತು. ಶೂ ಅಂಗಡಿಗೆ ಹೊತ್ತು ಉಳಿಯಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗ್ಯಾಂಗ್‌ವೇ ಹತ್ತಿದೆವು. ಡೆಕ್ಕಿನಲ್ಲಿದ್ದ ಚೀಫ್, ಏನು ನೋಡಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ: ‘ಮೂಗಿಲ್ಲದ ಇಬ್ಬರನ್ನು ನೋಡಿದ್ವಿ ಸಾಬ್. ಬೇರೆಲ್ಲ ಇವತ್ತು ಬಂದ್.’